'ಸಬ್ಸಿಡಿಯರಿ' ಅಂದರೆ ಉಪಕಸುಬೂ ಹೌದು, ಕಂಪನಿಯೂ ಹೌದು. ಅದು ಹೇಗೆ?

ಎರಡರಲ್ಲೂ ಇರುವ ಅರ್ಥ ಒಂದೇ: ಮುಖ್ಯವಾದ ಇನ್ನೊಂದಕ್ಕೆ ಒತ್ತಾಸೆಯಾಗಿ, ಅದರ ಕೆಳಗೆ ಇರುವುದು. ಬೇಸಾಯ ಮುಖ್ಯವಾದ ಮನೆಯಲ್ಲಿ ಎರಡು ಹಸು ಕಟ್ಟಿದರೆ ಹೈನುಗಾರಿಕೆ ಸಬ್ಸಿಡಿಯರಿ, ಅಂದರೆ ಉಪಕಸುಬು. ಒಂದು ಕಂಪನಿಯ ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಇನ್ನೊಂದರ ಕೈಲಿದ್ದರೆ, ಅಥವಾ ಅದರ ನಿರ್ದೇಶಕರ ಮಂಡಳಿಯಲ್ಲಿ ಯಾರಿರಬೇಕೆಂದು ಇನ್ನೊಂದು ಕಂಪನಿಯೇ ತೀರ್ಮಾನಿಸುವಂತಿದ್ದರೆ, 2013ರ ಕಂಪನಿ ಕಾಯ್ದೆಯ ಪ್ರಕಾರ ಅದು ಸಬ್ಸಿಡಿಯರಿ. ಕನ್ನಡದಲ್ಲಿ ಅಂಗಸಂಸ್ಥೆ.

ಮೂಲ ಪದ ಲ್ಯಾಟಿನ್‌ನ 'ಸಬ್ಸಿಡಿಯಮ್'. ಯುದ್ಧದಲ್ಲಿ ಹಿಂದೆ ಕಾದಿರಿಸಿದ, ಬೇಕಾದಾಗ ನೆರವಿಗೆ ಬರುವ ಪಡೆಗೆ ಆ ಹೆಸರು. ಗೊಬ್ಬರದ 'ಸಬ್ಸಿಡಿ'ಯೂ ಇದೇ ಬೇರಿನದು. ಶಾಲೆಯಲ್ಲಿ ಓದಿದ 'ಸಹಾಯಕ ಸೈನ್ಯ ಪದ್ಧತಿ' ನೆನಪಿದೆಯೇ? ಇಂಗ್ಲಿಷಿನಲ್ಲಿ ಅದು ಸಬ್ಸಿಡಿಯರಿ ಅಲಯನ್ಸ್. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಬ್ರಿಟಿಷ್ ಪಡೆಯ ಖರ್ಚಿಗೆ ವರ್ಷಕ್ಕೆ 7 ಲಕ್ಷ ಪಗೋಡ (ಆಗಿನ ಚಿನ್ನದ ನಾಣ್ಯ) ಕೊಡಬೇಕಿತ್ತು. ಹೆಸರಿಗೆ ಸಹಾಯ, ಲಗಾಮು ಮಾತ್ರ ಅವರ ಕೈಲಿ!

ಅಂಗಸಂಸ್ಥೆಯನ್ನು ಶಾಖೆ ಅಂದುಕೊಳ್ಳಬೇಡಿ. ಶಾಖೆ ಅದೇ ಕಂಪನಿಯ ಇನ್ನೊಂದು ಕಚೇರಿ. ಅಂಗಸಂಸ್ಥೆ ಕಾನೂನಿನ ಕಣ್ಣಲ್ಲಿ ಬೇರೆಯೇ ವ್ಯಕ್ತಿ, ಅದರ ಸಾಲ ಅದರದ್ದೇ. ನಮ್ಮ ಮೈಸೂರು ಬ್ಯಾಂಕ್ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿದ್ದಷ್ಟು ಕಾಲವೂ ಪಾಸ್‌ಬುಕ್ ಮೇಲೆ ತನ್ನದೇ ಹೆಸರು ಇಟ್ಟುಕೊಂಡಿತ್ತು. 2017ರ ಏಪ್ರಿಲ್ 1ರಂದು ವಿಲೀನವಾದ ಮೇಲೆ ಅದೇ ಕೌಂಟರುಗಳು ಸ್ಟೇಟ್ ಬ್ಯಾಂಕಿನ ಶಾಖೆಗಳಾದವು. ಬೆಂಗಳೂರಿನವರ ಬಾಯಲ್ಲಿ ಮೈಸೂರು ಬ್ಯಾಂಕ್ ಸರ್ಕಲ್ ಮಾತ್ರ ಹಾಗೇ ಉಳಿದಿದೆ.