ಮ್ಯಾಡ್ರಿಡ್‌ನಲ್ಲಿ ಒಂದೇ ದಿನ ಬಿಡುವಿದ್ದರೆ ಎಲ್ ಎಸ್ಕೋರಿಯಲ್‌ಗೆ ಹೋಗಬಹುದೇ?

ಮ್ಯಾಡ್ರಿಡ್‌ನಲ್ಲಿ ಸಿಕ್ಕಿರುವ ಒಂದು ದಿನದ ಬಿಡುವನ್ನು ಅದರ ಹತ್ತಿರದ ಹಳೆಯ ಅರಮನೆ-ಮಠವಾದ ಎಲ್ ಎಸ್ಕೋರಿಯಲ್‌ಗಾಗಿ ಖರ್ಚು ಮಾಡಬಹುದೇ, ಹೋದರೆ ಅಲ್ಲಿ ಏನನ್ನು ತಪ್ಪಿಸಬಾರದು ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ ಬನ್ನಿ. ಆದರೆ ಮೈಸೂರು ಅರಮನೆಯ ವೈಭವವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ, ಸೋಮವಾರವಂತೂ ಹೋಗಲೇಬೇಡಿ. ಸೋಮವಾರ ರಜೆಯೆಂಬುದನ್ನು ವಿಚಾರಿಸದೆ ಹೊರಟ ನಾನು ಮುಚ್ಚಿದ ಬಾಗಿಲನ್ನು ನೋಡಿಕೊಂಡು ಹಿಂತಿರುಗಿ, ಎರಡು ದಿನ ಬಿಟ್ಟು ಮತ್ತೆ ಹೋಗಬೇಕಾಯಿತು.

ಮೊಂಕ್ಲೋವಾ ನಿಲ್ದಾಣದಿಂದ 661 ಅಥವಾ 664ನೇ ಸಂಖ್ಯೆಯ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ರೈಲೂ ಇದೆ, ಆದರೆ ಅದರ ನಿಲ್ದಾಣ ಕೆಳಗಿನ ಊರಿನಲ್ಲಿರುವುದರಿಂದ ಅಲ್ಲಿಂದ ಏರುದಾರಿಯಲ್ಲಿ ನಡೆಯಬೇಕು.

ಅರಮನೆ, ಮಠ, ಚರ್ಚು, ಗ್ರಂಥಾಲಯ, ರಾಜರ ಸಮಾಧಿ ಎಲ್ಲವೂ ಇಲ್ಲಿ ಒಂದೇ ಕಟ್ಟಡದಲ್ಲಿವೆ. 1557ರ ಆಗಸ್ಟ್ 10ರಂದು, ಅಂದರೆ ಸಂತ ಲಾರೆನ್ಸರ ಹಬ್ಬದ ದಿನ, ಸ್ಪೇನಿನ ಸೇನೆ ಫ್ರಾನ್ಸಿನ ಸೇಂಟ್ ಕ್ವೆಂಟಿನ್‌ನಲ್ಲಿ ಫ್ರೆಂಚರನ್ನು ಸೋಲಿಸಿದ ನೆನಪಿಗೆ ಎರಡನೇ ಫಿಲಿಪ್ ದೊರೆ ಇದನ್ನು ಆ ಸಂತರ ಹೆಸರಿನಲ್ಲಿ ಕಟ್ಟಿಸಿದನು. 1563ರಲ್ಲಿ ಅಡಿಗಲ್ಲು ಬಿದ್ದು 1584ರಲ್ಲಿ ಕೆಲಸ ಮುಗಿಯಿತು. ಮೊದಲ ವಾಸ್ತುಶಿಲ್ಪಿ ನಡುವೆಯೇ ತೀರಿಕೊಂಡದ್ದರಿಂದ ಹ್ವಾನ್ ದೆ ಎರೆರಾ ಅದನ್ನು ಪೂರ್ಣಗೊಳಿಸಿದನು. ಹೊರಗಿನಿಂದ ಕಾಣುವುದು ಅಲಂಕಾರವೇ ಇಲ್ಲದ ಬೂದುಬಣ್ಣದ ಕಲ್ಲಿನ ಗೋಡೆ ಮತ್ತು ಸಾಲುಗಟ್ಟಿದ ಕಿಟಕಿಗಳು ಮಾತ್ರ. ಇದೇನು ಸೆರೆಮನೆಯೇ ಎಂದು ನನಗೆ ಅನಿಸಿದ್ದು ಸುಳ್ಳಲ್ಲ.

ಆ ಬೋಳುತನದ ಅರ್ಥ ಹೊಳೆಯುವುದು ದೊರೆಯ ಸ್ವಂತ ಕೊಠಡಿಗಳಲ್ಲಿ. ಸುಣ್ಣ ಬಳಿದ ಗೋಡೆ, ಕೆಳಭಾಗಕ್ಕೆ ಸ್ಪೇನಿನದೇ ತಲವೇರಾ ಊರಿನ ನೀಲಿ-ಬಿಳಿ ಹೆಂಚಿನ ಬಿಲ್ಲೆಗಳು, ವಾತರೋಗದಿಂದ ಊದಿದ ಕಾಲನ್ನು ಚಾಚಿಕೊಳ್ಳಲು ಮಾಡಿಸಿದ ಕುರ್ಚಿ, ಆಡಂಬರವೆಂಬುದೇ ಇಲ್ಲ. ಮಲಗುವ ಕೊಠಡಿ ಚರ್ಚಿನ ಮುಖ್ಯ ಬಲಿಪೀಠಕ್ಕೆ ಅಂಟಿಕೊಂಡಂತಿದ್ದು, ಹಾಸಿಗೆಯಿಂದಲೇ ಪೂಜೆ ಕಾಣುವಂತೆ ನಡುವೆ ಕಿಂಡಿಯಿದೆ. 1598ರ ಸೆಪ್ಟೆಂಬರ್ 13ರಂದು ಅವನು ಪ್ರಾಣ ಬಿಟ್ಟದ್ದೂ ಇಲ್ಲಿಯೇ. ಪೋರ್ಚುಗಲ್ಲಿನ ಸಿಂಹಾಸನವೂ ಅವನಿಗೆ ದಕ್ಕಿದ್ದರಿಂದ, ಗೋವೆಯಷ್ಟೇ ಅಲ್ಲದೆ ನಮ್ಮ ಮಂಗಳೂರು, ಬಸ್ರೂರು, ಹೊನ್ನಾವರಗಳ ಪೋರ್ಚುಗೀಸ್ ಕೋಟೆಗಳೂ ಆ ಕಾಲದಲ್ಲಿ ಅವನ ಆಳ್ವಿಕೆಗೇ ಸೇರಿದ್ದವು ಎಂಬುದು ಆ ಪುಟ್ಟ ಕೋಣೆಯಲ್ಲಿ ನಿಂತಾಗ ನೆನಪಾಗಿ, ಸ್ವಲ್ಪ ಹೊತ್ತು ಅಲ್ಲಿಂದ ಕದಲಲಾಗಲಿಲ್ಲ.

ರಾಜಸಮಾಧಿ ಇರುವುದು ಅದೇ ಬಲಿಪೀಠದ ಕೆಳಗೆ: ಅಮೃತಶಿಲೆ ಮತ್ತು ಕಂಚಿನ ಎಂಟು ಮೂಲೆಯ ಕೋಣೆ, ಅದರಲ್ಲಿ 26 ಶವಪೆಟ್ಟಿಗೆಗಳು. ಎಲ್ಲರೂ ಇದನ್ನೇ ಹೊಗಳುತ್ತಾರೆ; ನನಗೇನೋ ಅದು ಮೇಲಿನ ಕೊಠಡಿಗಳಷ್ಟು ನಾಟಲಿಲ್ಲ. ಗ್ರಂಥಾಲಯದಲ್ಲಿ ಮಾತ್ರ ನಿಧಾನಿಸಿ. ಎಲ್ಲರೂ ತಲೆಯೆತ್ತಿ ಚಾವಣಿಯ ಚಿತ್ರಗಳನ್ನು ನೋಡುತ್ತಿರುವಾಗ ನೀವು ಕಪಾಟುಗಳತ್ತ ತಿರುಗಿದರೆ, ಪುಸ್ತಕಗಳು ಬೆನ್ನನ್ನು ಒಳಕ್ಕೆ ಹಾಕಿಕೊಂಡು, ಚಿನ್ನದ ಲೇಪವಿರುವ ಹಾಳೆಗಳ ಅಂಚನ್ನು ಹೊರಕ್ಕೆ ತೋರುತ್ತಾ ನಿಂತಿರುವುದು ಕಾಣುತ್ತದೆ.

ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಊರು ಸಾವಿರ ಮೀಟರಿಗೂ ಎತ್ತರದಲ್ಲಿರುವುದರಿಂದ ಮ್ಯಾಡ್ರಿಡ್‌ನಲ್ಲಿ ಬಿಸಿಲಿದ್ದರೂ ಚೀಲದಲ್ಲಿ ಒಂದು ಸ್ವೆಟರ್ ಇರಲಿ. ಕಲ್ಲಿನ ಆ ಮೊಗಸಾಲೆಗಳಲ್ಲಿ ಚಳಿ ಹೊರಗಿಗಿಂತ ಹೆಚ್ಚು.