ಕಸಿ ಟೇಪ್ ಬಿಚ್ಚೋದು ಯಾವಾಗ? ಇದೊಂದಕ್ಕೆ ಸರಿಯಾಗಿ ಉತ್ತರ ಕೊಡ್ತೀನಿ

ಚಾಕು ಹಿಡಿಯೋದು, ಕಡ್ಡಿ ಸೀಳೋದು, ಬೆಣೆ ಕೆತ್ತೋದು ಇದನ್ನೆಲ್ಲ ಇಲ್ಲಿ ಹೇಳಲ್ಲ, ಅದು ಗೊತ್ತಿರೋರೇ ಪ್ರಶ್ನೆ ಕಳಿಸಿರೋದು. ಕಟ್ಟೋದನ್ನ ಚೆನ್ನಾಗೇ ಕಟ್ತೀರಿ, ಕಟ್ಟಿದ್ಮೇಲೆ ಕೆಡಿಸ್ತೀರಿ. ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದೇ ಗೋಳು.

ಪ್ರಶ್ನೆ: ಮಾವಿನ ಕಸಿ ಮೂರು ವಾರಕ್ಕೇ ಚಿಗುರಿತು. ಹಿಡ್ಕೊಂಡಿದೆ ಅಂತ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿದೆ, ಆಮೇಲೆ ವಾರದೊಳಗೆ ಬಾಡಿ ಒಣಗಿಹೋಯ್ತು. ತಪ್ಪೆಲ್ಲಿ?

ಬಿಚ್ಚಿದ್ದೇ ತಪ್ಪು. ಚಿಗುರಿದ ಮಾತ್ರಕ್ಕೆ ಕಸಿ ಹಿಡಿದಿದೆ ಅಂತಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಮತ್ತೆ ಇದೇ ಪ್ರಶ್ನೆ ಬರುತ್ತೆ. ಕಸಿಕಡ್ಡಿ, ಅಂದ್ರೆ ಮೇಲೆ ಕೂರಿಸಿದ ಕಡ್ಡಿ, ತನ್ನೊಳಗೆ ಕೂಡಿಟ್ಟ ಆಹಾರದಲ್ಲೇ ಎರಡು ಮೂರು ಎಲೆ ಬಿಡುತ್ತೆ, ಕಡಿದು ನೀರಲ್ಲಿಟ್ಟ ಕೊಂಬೆ ಚಿಗುರಲ್ವಾ ಹಾಗೆ. ಆ ಹೊತ್ತಿಗೆ ಬುಡದ ಗಿಡಕ್ಕೂ ಅದಕ್ಕೂ ಪೂರ್ತಿ ಸಂಬಂಧ ಬೆಳೆದಿರಲ್ಲ. ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ಇರೋ ತೆಳು ಪದರ, ಕ್ಯಾಂಬಿಯಂ, ಅದರ ಸುತ್ತಮುತ್ತಲಿಂದ ಎರಡೂ ಕಡೆ ಕ್ಯಾಲಸ್, ಅಂದ್ರೆ ಗಾಯ ಮುಚ್ಚೋಕೆ ಬೆಳೆಯೋ ಮೆತ್ತನೆ ಅಂಗಾಂಶ, ಹೊರಟು ಮೊದಲು ಸಂದು ತುಂಬುತ್ತೆ, ಆಮೇಲೆ ಅದರೊಳಗೆ ಹೊಸ ಕ್ಯಾಂಬಿಯಂ ಕೂಡ್ಕೊಂಡು, ಅದಾದ್ಮೇಲಷ್ಟೇ ನೀರು, ಆಹಾರ ಓಡಾಡೋ ನಾಳಗಳು ಸರಿಯಾಗಿ ಜೋಡಿಯಾಗೋದು. ಕಲಿಯೋ ಕಾಲದಲ್ಲಿ ತಡ್ಕೊಳ್ಳೋಕಾಗ್ದೆ ನಾನೂ ಒಂದನ್ನ ಬಿಚ್ಚಿ ನೋಡಿದ್ದೆ, ಸಂದಿನ ಉದ್ದಕ್ಕೂ ಸಣ್ಣ ಸಣ್ಣ ಬಿಳಿ ಗುಳ್ಳೆ ಗುಂಪುಗಟ್ಟಿದ ಹಾಗಿತ್ತು, ಉಗುರು ತಾಗಿದ್ದಕ್ಕೇ ಕಿತ್ತು ಬಂತು. ಅಷ್ಟು ನಾಜೂಕು ಅದು. ಒಣಗಾಳಿ ತಾಗಿದ್ರೆ ಸತ್ತೋಗುತ್ತೆ. ಮತ್ತೆ ಬಿಗಿಯಾಗಿ ಕಟ್ಟಿದೆ, ಉಳೀಲಿಲ್ಲ.

ಹಾಗಾದ್ರೆ ಯಾವಾಗ? ದಿನ ಎಣಿಸ್ಬೇಡಿ, ಎಲೆ ನೋಡಿ. ಮಾವಿನ ಮೊದಲ ಚಿಗುರು ತಾಮ್ರದ ಬಣ್ಣಕ್ಕಿರುತ್ತೆ, ಆಮೇಲೆ ತಿಳಿ ಹಸಿರು, ಆಮೇಲೆ ಕಡು ಹಸಿರಾಗಿ ಗಟ್ಟಿಯಾಗುತ್ತೆ. ಅದು ಬಲಿತು, ಮೇಲೆ ಎರಡನೇ ಸಲ ಚಿಗುರು ಹೊರಟಿತು ಅಂದ್ರೆ ಕೆಳಗಿಂದ ನೀರು ಬರ್ತಿದೆ ಅಂತ ನಂಬಬಹುದು. ಸಾಮಾನ್ಯವಾಗಿ 2ರಿಂದ 3 ತಿಂಗಳು ಹಿಡಿಯುತ್ತೆ, ಚಳಿಯಿದ್ರೆ ಇನ್ನೂ ತಡ.

ಆವಾಗ್ಲೂ ಪಟ್ಟಿ ಹಿಡಿದು ಸುತ್ತು ಸುತ್ತಾಗಿ ಎಳೀಬೇಡಿ, ಎಳೆಯೋ ರಭಸಕ್ಕೆ ಕಡ್ಡಿ ತಿರುಚ್ಕೊಳ್ಳುತ್ತೆ. ಬ್ಲೇಡಲ್ಲಿ ಮೇಲಿಂದ ಕೆಳಕ್ಕೆ ಒಂದೇ ಗೆರೆ ಸೀಳಿ. ಬೆಣೆ ಕಸಿಯಲ್ಲಿ (ಬೆಣೆ ಹಾಗೆ ಕೆತ್ತಿದ ಕಡ್ಡಿಯನ್ನ ಬುಡದ ಸೀಳಿಗೆ ತೂರಿಸೋದು) ಜೋಡಿ ಗೆರೆ ಎರಡು ಪಕ್ಕದಲ್ಲಿರುತ್ತೆ, ಅದನ್ನ ಬಿಟ್ಟು ಗೆರೆ ಇಲ್ಲದ ಮುಖದಲ್ಲಿ ಸೀಳಬೇಕು. ಸೀಳಿ ಹಾಗೇ ಬಿಡಿ, ಕಾಂಡ ದಪ್ಪ ಆಗ್ತಾ ಆಗ್ತಾ ಅದೇ ಕಳಚ್ಕೊಳ್ಳುತ್ತೆ. ಗೂಟ ಮಾತ್ರ ತೆಗೀಬೇಡಿ, ಹೊಸ ಜೋಡಿಗೆ ಗಾಳಿ ತಡೆಯೋ ಶಕ್ತಿ ಇನ್ನೂ ಬಂದಿರಲ್ಲ.

ಇನ್ನೊಂದು ಜಾತಿಯೋರಿದ್ದಾರೆ, ಬಿಚ್ಚೋದನ್ನೇ ಮರೆಯೋರು. ಇದು ಆತುರಕ್ಕಿಂತ ಕೆಟ್ಟದ್ದು, ಯಾಕಂದ್ರೆ ವರ್ಷಗಟ್ಟಲೆ ಗೊತ್ತೇ ಆಗಲ್ಲ. ದಪ್ಪ ಪ್ಲಾಸ್ಟಿಕ್ಕು, ಕರೆಂಟ್ ಟೇಪು ಕೊಳೆಯಲ್ಲ, ಕಾಂಡ ದಪ್ಪ ಆದ ಹಾಗೆ ಉರುಳು ಬಿಗಿದಂತೆ ಕಚ್ಚುತ್ತೆ. ಎಲೆ ಮಾಡಿದ ಆಹಾರ ತೊಗಟೆಯಲ್ಲಿ ಕೆಳಗಿಳಿಯೋಕೆ ಆಗ್ದೆ ಪಟ್ಟಿ ಮೇಲೆ ಊದ್ಕೊಳ್ಳುತ್ತೆ, ಬೇರು ಸೊರಗುತ್ತೆ. ಒಂದು ನರ್ಸರಿಯಿಂದ ತಂದ ನನ್ನದೇ ಗಿಡ ನಾಲ್ಕನೇ ವರ್ಷ ಕಾಯಿ ಹೊತ್ತು ನಿಂತಿದ್ದಾಗ ಸಾಧಾರಣ ಗಾಳಿಗೆ ಕಸಿ ಜಾಗದಲ್ಲೇ ಲಟಕ್ಕಂತ ಮುರೀತು. ನೋಡಿದ್ರೆ ಮರದೊಳಗೆ ಪ್ಲಾಸ್ಟಿಕ್ ಉಂಗುರ. ನಾಲ್ಕು ವರ್ಷದ ಆರೈಕೆ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಗಿಡ ತಂದ ದಿನವೇ ಕಸಿ ಗಂಟನ್ನ ಬೆರಳಲ್ಲಿ ಸವರಿ ನೋಡಿ, ಮಣ್ಣು ಮೆತ್ತಿಕೊಂಡು ಪಟ್ಟಿ ಕಣ್ಣಿಗೆ ಬೀಳಲ್ಲ.

ಪ್ಯಾರಾಫಿಲ್ಮ್, ಅಂದ್ರೆ ಎಳೆದ್ರೆ ಹಿಗ್ಗೋ ಮೇಣದಂಥ ತೆಳು ಪಟ್ಟಿ, ಬಳಸೋರು ಬಿಚ್ಚೋದು ಬೇಡ, ಬಿಸಿಲಿಗೆ ಅದೇ ಸವೆದು ಹೋಗುತ್ತೆ. ಆದ್ರೆ ಕಣ್ಣಿನ (ಚಿಗುರು ಹೊರಡೋ ಮೊಗ್ಗಿನ) ಮೇಲೆ ಎಳೆದು ತೆಳ್ಳಗೆ ಒಂದೇ ಪದರ ಇರ್ಬೇಕು, ಐದು ಸುತ್ತು ಸುತ್ತಿದ್ರೆ ಚಿಗುರು ತೂರ್ಕೊಂಡು ಬರೋದು ಕಷ್ಟ. ಅದರ ಮೇಲೆ ಬಿಗಿಗೆ ಅಂತ ಬೇರೆ ಟೇಪ್ ಸುತ್ತಿದ್ರೆ ಅದನ್ನ ಸೀಳಲೇಬೇಕು.

ಪ್ರಶ್ನೆ: ಕಸಿ ಮೇಲೆ ಹಾಕಿದ ಕವರ್ ಯಾವಾಗ ತೆಗೀಬೇಕು?

ಚಿಗುರು ಕವರಿನ ತುದಿ ಮುಟ್ಟೋ ಮುಂಚೆ, ಸಂಜೆ ಹೊತ್ತು. ಮೊದಲು ಮೂಲೆ ಕತ್ತರಿಸಿ ಮೂರ್ನಾಲ್ಕು ದಿನ ಹೊರಗಿನ ಗಾಳಿ ರೂಢಿ ಮಾಡ್ಸಿ. ಅಲ್ಲಿವರೆಗೂ ನೆರಳು ಬೇಕೇ ಬೇಕು, ನೇರ ಬಿಸಿಲಲ್ಲಿ ಆ ಕವರೊಳಗೆ ಕಡ್ಡಿ ಬೆಂದೋಗುತ್ತೆ.

ಪ್ರಶ್ನೆ: ಕೊಯ್ದ ಜಾಗಕ್ಕೆ ಜೇನುತುಪ್ಪ, ಲೋಳೆಸರ, ಬೇರು ಬರಿಸೋ ಪುಡಿ ಹಚ್ಚಿದ್ರೆ ಬೇಗ ಕೂಡುತ್ತಂತೆ, ಹೌದಾ?

ಇಲ್ಲ. ಕ್ಯಾಂಬಿಯಂಗೆ ಕ್ಯಾಂಬಿಯಂ ತಾಗಬೇಕು, ನಡುವೆ ಏನು ಸುರಿದ್ರೂ ಅಡ್ಡಿ. ನಿಮಗೆ ಬೇಕಿರೋದು ಬೇರಲ್ಲ, ಬೆಸುಗೆ. ಹಿಂದಿನೋರು ಮಣ್ಣು, ಸಗಣಿ ಮೆತ್ತುತ್ತಿದ್ದಿದ್ದು ಹೊರಗಡೆ, ತೇವ ಆರದಿರಲಿ ಅಂತ. ಅದನ್ನ ಗಾಯದೊಳಗೆ ಹಚ್ಚೋಕೆ ಹೇಳೋರ ಮಾತು ಕೇಳಿ ಗಿಡ ಕಳ್ಕೋಬೇಡಿ. ಕಸಿ ಟಾನಿಕ್ ಅಂತ ಬಾಟಲಿ ಮಾರೋರನ್ನಂತೂ ಹತ್ತಿರ ಸೇರಿಸ್ಬೇಡಿ.

ಪ್ರಶ್ನೆ: ಮಾವಿಗೆ ಹಲಸು ಕಸಿ ಕಟ್ಟಿದ ಗಿಡ ಮಾರ್ತಿದ್ದಾರೆ, ತಗೊಳ್ಳಲಾ?

ಬೇಡ, ಅವೆರಡೂ ಬೇರೆ ಬೇರೆ ಕುಟುಂಬದ ಮರಗಳು, ಕೂಡಲ್ಲ, ಅದು ಮೋಸ.

ಪ್ರಶ್ನೆ: ಕಸಿ ಕೆಳಗಿಂದ ಚೆನ್ನಾಗಿ ಚಿಗುರ್ತಿದೆ, ಬಿಡಬಹುದಾ?

ಸಣ್ಣ ಗಿಡ ಆದ್ರೆ ಎಳೇದಿದ್ದಾಗಲೇ ಬೆರಳಲ್ಲಿ ಚಿವುಟಿ, ಇಲ್ಲಾಂದ್ರೆ ಅದೇ ಗೆದ್ದು ಮೇಲಿನ ಕಸಿ ಸಾಯುತ್ತೆ. ದೊಡ್ಡ ಮರ ಕಡಿದು ಕಸಿ ಕಟ್ಟಿದ್ರೆ ಎಲ್ಲಾ ಒಂದೇ ಸಲ ತೆಗೀಬೇಡಿ, ಬೇರು ಬದುಕೋಕೆ ಒಂದಿಷ್ಟು ಎಲೆ ಬೇಕು.

ಪ್ರಶ್ನೆ: ಕಣ್ಣು ಕಸಿ ಹಿಡಿದಿದೆಯಾ ಅಂತ ಬಿಚ್ಚದೆ ಗೊತ್ತಾಗುತ್ತಾ?

ಒಳ್ಳೇ ಪ್ರಶ್ನೆ. ಕಣ್ಣು ಕಸಿ ಅಂದ್ರೆ ಕಡ್ಡಿ ಬದಲು ಒಂದೇ ಕಣ್ಣನ್ನ ತೊಗಟೆ ಸಮೇತ ಕೂರಿಸೋದು. ಕಣ್ಣಿನ ಜೊತೆ ಎಲೆ ತೊಟ್ಟು ಸ್ವಲ್ಪ ಉಳಿಸಿರ್ತೀರಲ್ಲ, ಎರಡು ಮೂರು ವಾರ ಆದ್ಮೇಲೆ ಅದನ್ನ ಮೆತ್ತಗೆ ಮುಟ್ಟಿ. ಹಳದಿಯಾಗಿ ಮುಟ್ಟಿದ ಕೂಡಲೇ ಉದುರಿದ್ರೆ ಕಣ್ಣು ಜೀವಂತ ಇದೆ. ಕಪ್ಪಾಗಿ ಮುರುಟಿ ಅಂಟ್ಕೊಂಡೇ ಇದ್ರೆ ಕಣ್ಣು ಹೋಯ್ತು, ಕಾಂಡದ ಇನ್ನೊಂದು ಮುಖದಲ್ಲಿ ಬೇರೆ ಕಣ್ಣು ಕಟ್ಟಿ.