ಸಿಹಿ-ಖಾರದ ಪಾಪ್‌ಕಾರ್ನ್: ಸಕ್ಕರೆ ಯಾವಾಗ, ಖಾರ ಯಾವಾಗ?

ಈ ಸಲದ ಪ್ರಶ್ನೆಗಳೆಲ್ಲ ಒಲೆಯ ಮೇಲೆ ಮಾಡುವ ಪಾಪ್‌ಕಾರ್ನ್ ಕುರಿತು. ಉತ್ತರಗಳಲ್ಲಿ ಕಪ್ ಎಂದರೆ 240 ಮಿ.ಲೀ., ದೊಡ್ಡ ಚಮಚ ಎಂದರೆ 15 ಮಿ.ಲೀ., ಟೀ ಚಮಚ ಎಂದರೆ 5 ಮಿ.ಲೀ.

ಪ್ರ: ಎಣ್ಣೆ, ಕಾಳು, ಸಕ್ಕರೆ, ಖಾರದ ಪುಡಿ ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದೆ. ಸಕ್ಕರೆ ತಳದಲ್ಲಿ ಕಪ್ಪಾಗಿ ಸೀದುಹೋಯಿತು, ಖಾರದ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು. ಸರಿಯಾದ ಕ್ರಮ ಯಾವುದು?

ಉ: ಕಾಳು ಅರಳುವುದು ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಕ್ಕರೆ ಕರಗಿ ಕೆಂಪಾಗುವುದೂ ಹೆಚ್ಚುಕಡಿಮೆ ಅದೇ ಬಿಸಿಯಲ್ಲಿ. ಇನ್ನು ಸ್ವಲ್ಪ ಕಾದರೆ ಕಹಿ. ಖಾರದ ಪುಡಿಯಂತೂ ಅಷ್ಟು ಬಿಸಿ ಎಣ್ಣೆಗೆ ಬಿದ್ದ ಕೆಲವೇ ಸೆಕೆಂಡಿಗೆ ಕರಕಲಾಗುತ್ತದೆ. ಹಾಗಾಗಿ ಸಕ್ಕರೆ ಹಾಕುವುದು ಕಾಳು ಅರಳಲು ಶುರುವಾದ ಮೇಲೆ, ಖಾರ ಹಾಕುವುದು ಪಾತ್ರೆಯಿಂದ ಹೊರಗೆ ಸುರಿದ ಮೇಲೆ.

ಬೇಕಾಗುವುದು: ಅರ್ಧ ಕಪ್ (ಸುಮಾರು 100 ಗ್ರಾಂ) ಕಾಳು, 3 ದೊಡ್ಡ ಚಮಚ ವಾಸನೆಯಿಲ್ಲದ ರಿಫೈನ್ಡ್ ಎಣ್ಣೆ, 3 ದೊಡ್ಡ ಚಮಚ ಸಣ್ಣ ಹರಳಿನ ಸಕ್ಕರೆ, 1 ಟೀ ಚಮಚ ಖಾರದ ಪುಡಿ, ಮುಕ್ಕಾಲು ಟೀ ಚಮಚ ಪುಡಿ ಉಪ್ಪು. ಇಷ್ಟು ಕಾಳು ಅರಳಿದರೆ ಮೂರು ಲೀಟರ್ ಜಾಗ ಬೇಕು. ಆದ್ದರಿಂದ ಐದು ಲೀಟರಿನ, ದಪ್ಪ ತಳದ, ಎರಡು ಹಿಡಿಯ ಪಾತ್ರೆ ಇಟ್ಟುಕೊಳ್ಳಿ.

ಎಣ್ಣೆಗೆ ಮೂರು ಕಾಳು ಹಾಕಿ ಮಧ್ಯಮ ಉರಿಯಲ್ಲಿಟ್ಟು ಮುಚ್ಚಿ. ಮೂರೂ ಅರಳಿದರೆ ಎಣ್ಣೆ ಹದಕ್ಕೆ ಬಂದಿದೆ. ಉಳಿದ ಕಾಳು ಹಾಕಿ, ಪಾತ್ರೆಯನ್ನು ಒಲೆಯಿಂದ ಇಳಿಸಿ ಮೂವತ್ತು ಸೆಕೆಂಡು ಹಾಗೇ ಬಿಡಿ. ಈ ಬಿಡುವಿನಲ್ಲಿ ಎಲ್ಲ ಕಾಳೂ ಒಂದೇ ಸಮ ಕಾದು, ಮತ್ತೆ ಒಲೆಗೇರಿಸಿದಾಗ ಹೆಚ್ಚುಕಡಿಮೆ ಒಟ್ಟಿಗೇ ಅರಳುತ್ತವೆ. ಅವಸರಕ್ಕೆ ಇದನ್ನು ಬಿಟ್ಟರೆ ಮೊದಲು ಅರಳಿದವು ಸೀಯುತ್ತವೆ, ಕೊನೆಯವು ಕಾಳಾಗಿಯೇ ಉಳಿಯುತ್ತವೆ.

ಮತ್ತೆ ಒಲೆಗಿಟ್ಟು, ಚಟಪಟ ಸದ್ದು ಶುರುವಾಗಿ ನಾಲ್ಕೈದು ಕಾಳು ಅರಳಿದ ಕೂಡಲೇ ಸಕ್ಕರೆಯನ್ನು ಸುತ್ತಲೂ ಉದುರಿಸಿ ಮುಚ್ಚಿ. ಅಲ್ಲಿಂದ ಕೈ ಬಿಡುವಂತಿಲ್ಲ: ದಪ್ಪ ಬಟ್ಟೆಯಲ್ಲಿ ಮುಚ್ಚಳ ಸಮೇತ ಹಿಡಿದು ಮೂರು ನಾಲ್ಕು ಸೆಕೆಂಡಿಗೊಮ್ಮೆ ಅಲುಗಾಡಿಸುತ್ತಲೇ ಇರಬೇಕು. ಎರಡು ಸದ್ದುಗಳ ನಡುವೆ ಎರಡು ಸೆಕೆಂಡು ಅಂತರ ಬಂತೆಂದರೆ ಮುಗಿಯಿತು, ಅಗಲ ತಟ್ಟೆಗೆ ಸುರಿಯಿರಿ. ಇನ್ನೂ ನಾಲ್ಕು ಕಾಳು ಅರಳಲಿ ಎಂದು ಕಾದರೆ ಇಡೀ ಪಾತ್ರೆಯೇ ಕಹಿಯಾದೀತು. ಸುರಿದ ತಕ್ಷಣ ಖಾರ, ಉಪ್ಪು ಉದುರಿಸಿ ಸೌಟಿನಲ್ಲಿ ತಿರುವಿ. ಕರಗಿದ ಸಕ್ಕರೆಯ ಅಂಟು ಒಂದು ನಿಮಿಷವೂ ಉಳಿಯುವುದಿಲ್ಲ, ಖಾರ ಹಿಡಿಯಬೇಕಾದರೆ ಅಷ್ಟರೊಳಗೇ ಹಿಡಿಯಬೇಕು. ಕೈ ಹಾಕಬೇಡಿ, ಅಂಟಿದ ಬಿಸಿ ಸಕ್ಕರೆಯ ಸುಟ್ಟಗಾಯ ಕುದಿನೀರಿನದಕ್ಕಿಂತ ಕೆಟ್ಟದ್ದು.

ಪ್ರ: ಪ್ರತಿ ಸಲ ಕಾಲು ಭಾಗ ಕಾಳು ಅರಳದೆ ತಳದಲ್ಲಿ ಉಳಿಯುತ್ತದೆ. ಉರಿ ಜಾಸ್ತಿ ಮಾಡಬೇಕೇ?

ಉ: ಮೊದಲು ಕಾಳನ್ನೇ ಅನುಮಾನಿಸಿ. ಒಳ್ಳೆಯ ಕಾಳಿನಲ್ಲಿ ಶೇ. 13ರಿಂದ 14ರಷ್ಟು ನೀರಿನಂಶ ಇರುತ್ತದೆ. ಕಾದಾಗ ಅದು ಆವಿಯಾಗುತ್ತದೆ, ಗಟ್ಟಿ ಸಿಪ್ಪೆ ಅದನ್ನು ಹೊರಬಿಡುವುದಿಲ್ಲ. ಒಳಗಿನ ಪಿಷ್ಟ ಮೆತ್ತಗಾಗಿ, ಒತ್ತಡ ಏರಿ ಏರಿ ಸಿಪ್ಪೆ ಸಿಡಿದಾಗ ಆ ಪಿಷ್ಟವೇ ನೊರೆಯಂತೆ ಉಬ್ಬಿ ಗಟ್ಟಿಯಾಗುತ್ತದೆ. ಬಾಯಿ ತೆರೆದ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಇದ್ದ ಕಾಳಿನ ನೀರು ಆರಿಹೋಗಿರುತ್ತದೆ. ಸಿಪ್ಪೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆವಿ ಅಲ್ಲಿಂದಲೇ ಸೋರಿಹೋಗುತ್ತದೆ, ಅದಕ್ಕೆ ಮದ್ದಿಲ್ಲ.

ಆರಿದ ಕಾಳನ್ನು ಸರಿಪಡಿಸಬಹುದು. ಗಾಜಿನ ಜಾಡಿಗೆ ಮುಕ್ಕಾಲು ಭಾಗದಷ್ಟು, ಅಂದರೆ ಮೂರು ಕಪ್ ಕಾಳು ತುಂಬಿ, ಒಂದು ದೊಡ್ಡ ಚಮಚ ನೀರು ಹಾಕಿ ಬಿಗಿಯಾಗಿ ಮುಚ್ಚಿ. ಮೊದಲ ದಿನ ಆಗಾಗ, ಆಮೇಲೆ ದಿನಕ್ಕೆರಡು ಸಲ ಕುಲುಕಿ. ನಾಲ್ಕೈದು ದಿನಕ್ಕೆ ಹತ್ತು ಕಾಳು ಅರಳಿಸಿ ನೋಡಿ; ಇನ್ನೂ ಸರಿಹೋಗದಿದ್ದರೆ ಇನ್ನೊಂದು ಟೀ ಚಮಚ ನೀರು, ಇನ್ನೆರಡು ದಿನ. ಉರಿ ಜಾಸ್ತಿ ಮಾಡಿದರೆ ಸಕ್ಕರೆ ಸೀಯುತ್ತದೆಯೇ ಹೊರತು ಒಣಗಿದ ಕಾಳಿಗೆ ನೀರು ಬರುವುದಿಲ್ಲ.

ಪ್ರ: ಅಡುಗೆಮನೆಯಲ್ಲಿರುವ ಸಾಮಾನ್ಯ ಒಣ ಮೆಕ್ಕೆಜೋಳ ಬಳಸಬಹುದೇ?

ಉ: ಬೇಡ. ಅದರ ಸಿಪ್ಪೆ ಒತ್ತಡ ತಡೆಯುವುದಿಲ್ಲ. ಬಿರಿದು ಹುರಿದ ಕಾಳಾಗುತ್ತದೆ ಅಷ್ಟೆ. ಪಾಪ್‌ಕಾರ್ನ್ ತಳಿಯ ಸಣ್ಣ, ಗಾಜಿನಂಥ ಕಾಳೇ ಬೇಕು.

ಪ್ರ: ಅರಳುತ್ತವೆ, ಆದರೆ ಗರಿಗರಿ ಇಲ್ಲ. ಅಗಿದರೆ ರಬ್ಬರ್.

ಉ: ಆವಿ ಒಳಗೇ ಸಿಕ್ಕಿಕೊಂಡಿದೆ. ಪ್ರತಿ ಕಾಳೂ ಸಿಡಿಯುವಾಗ ಆವಿ ಬಿಡುತ್ತದೆ. ಮುಚ್ಚಳ ಪೂರ್ತಿ ಬಿಗಿಯಾಗಿದ್ದರೆ ಅದು ನೀರಾಗಿ ಮತ್ತೆ ಅರಳಿನ ಮೇಲೇ ಹನಿಯುತ್ತದೆ. ಮುಚ್ಚಳವನ್ನು ನಿಮ್ಮಿಂದ ಆಚೆ ಬದಿಗೆ ಒಂದು ಕಡ್ಡಿಯಷ್ಟು ಸಂದು ಬಿಟ್ಟು ಇಡಿ. ಉರಿ ತೀರಾ ಸಣ್ಣದಿದ್ದರೂ ಇದೇ ಗತಿ: ಕಾಳು ಸಿಡಿಯುವ ಮೊದಲೇ ಆವಿ ನಿಧಾನವಾಗಿ ಸೋರಿ, ಅರಳು ಚಿಕ್ಕದಾಗಿ ಬಿಗಿದುಕೊಳ್ಳುತ್ತದೆ. ಹುಳಿ ಬೇಕೆಂದು ನಿಂಬೆರಸ ಹಿಂಡುವವರೂ ಇದ್ದಾರೆ, ರಸ ಬಿದ್ದ ಕಡೆ ಅರಳು ಕುಗ್ಗಿಹೋಗುತ್ತದೆ. ಎರಡು ಚಿಟಿಕೆ ನಿಂಬೆ ಉಪ್ಪನ್ನು ಖಾರದ ಪುಡಿಯೊಂದಿಗೆ ಬೆರೆಸಿದರೆ ಸಾಕು.

ಪ್ರ: ಸಕ್ಕರೆ ಕಡಿಮೆ ಹಾಕಿದರೆ ಖಾರ, ಉಪ್ಪು ಅಂಟದೆ ತಟ್ಟೆಯ ತಳ ಸೇರುತ್ತವೆ.

ಉ: ಉಪ್ಪನ್ನು ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ. ಒಂದು ದೊಡ್ಡ ಚಮಚ ತುಪ್ಪ ಬೆಚ್ಚಗೆ ಮಾಡಿ, ಒಲೆ ಆರಿಸಿದ ಮೇಲೆ ಅದರಲ್ಲಿ ಖಾರದ ಪುಡಿ ಕಲಸಿ ಅರಳಿನ ಮೇಲೆ ಹನಿಸಿ. ಖಾರದ ಅಂಶ ಜಿಡ್ಡಿನಲ್ಲಿ ಕರಗುವುದರಿಂದ ಎಲ್ಲ ಕಡೆ ಹರಡುತ್ತದೆ, ಹಸಿ ವಾಸನೆಯೂ ಹೋಗುತ್ತದೆ. ಬೆಣ್ಣೆಗಿಂತ ತುಪ್ಪ ಮೇಲು. ಬೆಣ್ಣೆಯಲ್ಲಿರುವ ನೀರು ಅರಳನ್ನು ಮೆತ್ತಗಾಗಿಸುತ್ತದೆ.

ಪ್ರ: ಪೊಟ್ಟಣದಲ್ಲಿ ಬರುವಂತೆ ಹೊಳೆಯುವ ಗಟ್ಟಿ ಪಾಕದ ಲೇಪ ಬೇಕು. ನಾನು ಮಾಡಿದ್ದು ಒಂದೇ ಗಂಟೆಗೆ ಅಂಟಂಟಾಯಿತು.

ಉ: ಪಾಕ ಬೇಗ ಇಳಿಸಿದ್ದೀರಿ. ಮೊದಲು ಸಕ್ಕರೆಯಿಲ್ಲದೆ ಅರ್ಧ ಕಪ್ ಕಾಳು ಅರಳಿಸಿ, ಅರಳದ ಕಾಳನ್ನೆಲ್ಲ ಆರಿಸಿ ತೆಗೆಯಿರಿ. ಪಾಕದೊಳಗೆ ಸೇರಿಕೊಂಡರೆ ಅವು ಹಲ್ಲಿಗೆ ಅಪಾಯ. ಪಾಕಕ್ಕೆ 1 ಕಪ್ ಸಕ್ಕರೆ, 3 ದೊಡ್ಡ ಚಮಚ ನೀರು, 50 ಗ್ರಾಂ ಬೆಣ್ಣೆ, ಅರ್ಧ ಟೀ ಚಮಚ ಉಪ್ಪು. ಹರಳುಗಟ್ಟದಿರಲು ಎರಡು ಹನಿ ನಿಂಬೆರಸ ಇಲ್ಲಿ ಹಾಕಬಹುದು, ಕುದಿಯುವಾಗ ಅದರ ನೀರು ಆರಿಹೋಗುತ್ತದೆ. ಸಕ್ಕರೆ ಕರಗಿದ ಮೇಲೆ ಕೈಯಾಡಿಸದೆ ಮಧ್ಯಮ ಉರಿಯಲ್ಲಿ ಕುದಿಸಿ.

ಹದ 150 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿಯನ್ನು ತಣ್ಣೀರಿಗೆ ಬಿಡಿ. ಬೆರಳಲ್ಲಿ ಒತ್ತಿದಾಗ ಬಾಗಿದರೆ ಇನ್ನೂ ಆಗಿಲ್ಲ. ಟಕ್ ಎಂದು ಮುರಿದು, ಕಚ್ಚಿದರೆ ಹಲ್ಲಿಗೆ ಅಂಟದಿದ್ದರೆ ಆಯಿತು. ಒಲೆ ಆರಿಸಿ, ಒಂದೂವರೆ ಟೀ ಚಮಚ ಖಾರದ ಪುಡಿ, ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ ತಿರುವಿ. ಪಾಕ ನೊರೆಯೆದ್ದು ಉಬ್ಬುತ್ತದೆ, ಪಾತ್ರೆ ಆಳವಿರಲಿ. ಆ ಗಾಳಿಗುಳ್ಳೆಗಳಿಂದಲೇ ಲೇಪ ಕಲ್ಲಾಗದೆ ಕುರುಕಲಾಗುವುದು. ಕೂಡಲೇ ಅರಳಿನ ಮೇಲೆ ಸುರಿದು ಎರಡು ಸೌಟುಗಳಲ್ಲಿ ಕೆಳಗಿಂದ ಮೇಲೆ ತಿರುವಿ. ಅರಳು ಬೆಚ್ಚಗಿದ್ದರೆ ಪಾಕ ತೆಳುವಾಗಿ ಹರಡುತ್ತದೆ. ತಣ್ಣಗಿದ್ದರೆ ಬಿದ್ದಲ್ಲೇ ಗಡ್ಡೆ. ಪೂರ್ತಿ ಆರಿದ ಮೇಲೆ ಬಿಡಿಸಿ, ಗಾಳಿಯಾಡದ ಡಬ್ಬಿಗೆ ತಡಮಾಡದೆ ತುಂಬಿ. ಗಾಳಿಯ ತೇವ ಎಳೆದುಕೊಳ್ಳುವುದು ಸಕ್ಕರೆಯ ಗುಣ; ಮಳೆ ದಿನದಲ್ಲಿ ತೆರೆದಿಟ್ಟರೆ ಎಷ್ಟು ಒಳ್ಳೆಯ ಪಾಕವೂ ಅಂಟುತ್ತದೆ.

ಪ್ರ: ಪ್ರೆಶರ್ ಕುಕ್ಕರಿನಲ್ಲಿ ಮಾಡಬಹುದೇ?

ಉ: ಅದರ ದಪ್ಪ ತಳ ಅನುಕೂಲವೇ. ಆದರೆ ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದು, ಮುಚ್ಚಳವನ್ನು ಲಾಕ್ ಮಾಡದೆ ಮೇಲಿಟ್ಟು ಮಾತ್ರ. ಬೇರೆ ಮುಚ್ಚಳ ಹೊಂದಿದರೆ ಅದೇ ಉತ್ತಮ.

ಪ್ರ: ತಳಕ್ಕೆ ಹಿಡಿದ ಸಕ್ಕರೆ ಏನು ಮಾಡಿದರೂ ಬಿಡುವುದಿಲ್ಲ.

ಉ: ಉಜ್ಜಬೇಡಿ. ಅಂಟಿದ ಮಟ್ಟ ಮುಳುಗುವಷ್ಟು ನೀರು ಹಾಕಿ ಐದು ನಿಮಿಷ ಕುದಿಸಿ, ಸಕ್ಕರೆ ತಾನೇ ಕರಗುತ್ತದೆ. ಕರಕಲು ಉಳಿದಿದ್ದರೆ ಅದೇ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಇನ್ನೊಂದು ಕುದಿ ಬರಿಸಿ; ಅಲ್ಯೂಮಿನಿಯಂ ಪಾತ್ರೆಯಾದರೆ ಸೋಡಾ ಬೇಡ, ಕಪ್ಪಾಗುತ್ತದೆ.